ವಿಧಾನಸಭೆಗೆ ಪಕ್ಷೇತರ ಉಮೇದುವಾರಿಕೆ: ಕಲ್ಯಾಣ ಪ್ರಾಂತವನ್ನು ಮುಂದಿಟ್ಟುಕೊಂಡು ಒಂದು ಚರಿತ್ರವಿಚಾರ

ಪ್ರಜಾಪ್ರಭುತ್ವವೆಂಬುದು ಬಹುಜನರ ಅಭಿಪ್ರಾಯದಿಂದ ನಡೆಯತಕ್ಕ ರಾಜ್ಯಪದ್ಧತಿಯು. ಚದುರಿದ ಅಭಿಪ್ರಾಯಗಳನ್ನು ಒಂದುಗೂಡಿಸುವುದಕ್ಕೆ ರಾಜಕೀಯ ಪಕ್ಷಗಳು ಅವಶ್ಯವೆಂಬುದನ್ನು ಎಲ್ಲರೂ ಒಪ್ಪುವರು. ಆದರೂ ಯಾವ ಪಕ್ಷದ ಆಶ್ರಯವನ್ನೂ ಪಡೆಯದೆ, ತನ್ನ ಹೆಸರನ್ನೂ ನಡತೆಯನ್ನೂ ಮಾತ್ರವೇ ಬಂಡವಾಳವಾಗಿಟ್ಟುಕೊಂಡು ಜನರ ಮುಂದೆ ನಿಲ್ಲುವ ಮನುಷ್ಯನಿಗೂ ಈ ಪದ್ಧತಿಯಲ್ಲಿ ಒಂದು ಬಾಗಿಲು ತೆರೆದಿರುವುದು. ಅವನನ್ನು ಸ್ವತಂತ್ರ ಉಮೇದುವಾರನೆಂದೂ, ಅಪಕ್ಷನೆಂದೂ, ಪಕ್ಷೇತರನೆಂದೂ ಜನರು ಕರೆಯುವರು. ಈ ಬಾಗಿಲನ್ನು ಮುಚ್ಚಿಬಿಡಬೇಕೆಂದು ಭಾರತದ ಕಾನೂನು ಆಯೋಗವು ೧೯೯೯ರಲ್ಲಿ ತನ್ನ ೧೭೦ನೆಯ ವರದಿಯಲ್ಲಿಯೂ, ೨೦೧೫ರಲ್ಲಿ ೨೫೫ನೆಯ ವರದಿಯಲ್ಲಿಯೂ ಸಲಹೆಮಾಡಿತು. ಆದುದರಿಂದ ಈ ಹಕ್ಕು ಎಲ್ಲಿಂದ ಬಂದಿತು, ಅದರಿಂದ ಆದ ಹಿತವೇನು, ಅಹಿತವೇನು ಎಂಬುದನ್ನು ಬಸವಕಲ್ಯಾಣ ಮತ್ತು ಹುಮನಾಬಾದ ಪ್ರಾಂತದ ಅನುಭವವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಉಚಿತವಾಗಿದೆ.

ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದು, ಹನ್ನೆರಡನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳನ ಆಳಿಕೆಗೆ ಒಳಪಟ್ಟಿತೆಂಬುದೂ, ಬಸವಣ್ಣನವರು ಆ ಅರಸನಲ್ಲಿ ಭಂಡಾರಿಗಳಾಗಿದ್ದರೆಂಬುದೂ ಎಲ್ಲರಿಗೂ ವಿದಿತವಾದ ಸಂಗತಿ. ಅಲ್ಲಿಯ ಅನುಭವ ಮಂಟಪವನ್ನು ಇಂದಿನ ಪಾರ್ಲಿಮೆಂಟಿಗೆ ಹೋಲಿಸುವ ರೂಢಿಯುಂಟು. ಈ ಹೋಲಿಕೆಯನ್ನು ಮಿತಿಯಲ್ಲಿ ಗ್ರಹಿಸಬೇಕು. ಅಲ್ಲಿ ಮತಗಣನೆಯಿರಲಿಲ್ಲ, ಕ್ಷೇತ್ರವಿಭಾಗವಿರಲಿಲ್ಲ, ಶಾಸನಾಧಿಕಾರವೂ ಇರಲಿಲ್ಲ. ಕಾಯಕದವರು ಕುಲಭೇದವನ್ನೆಣಿಸದೆ ಕೂಡಿ ತಮ್ಮ ತಮ್ಮ ಅನುಭವವನ್ನು ತಾವೇ ನುಡಿದರೆಂಬ ನೆನಪು ಮಾತ್ರ ಈ ನಾಡಿನ ಮನಸ್ಸಿನಲ್ಲಿ ಬೇರೂರಿದೆ. ಒಬ್ಬನ ಮಾತಿಗೆ ಅವನೇ ಹೊಣೆಯೆಂಬ ಭಾವನೆಯು ಪಕ್ಷೇತರ ಉಮೇದುವಾರಿಕೆಯ ಮೂಲದಲ್ಲಿಯೂ ಇರುವುದರಿಂದ ಈ ನೆನಪನ್ನು ಇಲ್ಲಿ ಎತ್ತಿಕೊಂಡುದು ಅಪ್ರಸ್ತುತವೆನಿಸಲಾರದು.

ಆ ಕಾಲಕ್ಕೂ ಮತದಾನದ ಕಾಲಕ್ಕೂ ನಡುವೆ ಬಹುದೊಡ್ಡ ಅಂತರವಿದೆ. ಮೈಸೂರು ಸಂಸ್ಥಾನದಲ್ಲಿ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರಲ್ಲಿಯೇ, ೧೪೪ ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆಯು ಕೂಡಿತು. ಆರಂಭದ ಆ ಸದಸ್ಯರಿಗೆ ಪಕ್ಷವೆಂಬುದೇ ಇರಲಿಲ್ಲ. ತಂತಮ್ಮ ಊರುಗಳ ಅಹವಾಲುಗಳನ್ನು ಹೊತ್ತು ಬಂದವರೇ ಅವರೆಲ್ಲರು. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ೧೮೯೩ರಿಂದ ಶಾಸನ ಪರಿಷತ್ತೊಂದು ಇದ್ದರೂ ಸಾಮಾನ್ಯ ಪ್ರಜೆಗೆ ಅದರಲ್ಲಿ ದನಿಯಿರಲಿಲ್ಲ. ೧೯೩೯ರಲ್ಲಿ ಪ್ರಕಟವಾದ ಸುಧಾರಣೆಗಳು ವೃತ್ತಿಗಳನ್ನನುಸರಿಸಿದ ಪ್ರಾತಿನಿಧ್ಯವನ್ನು ಹೇಳಿದುವು. ವಯಸ್ಕರಿಗೆಲ್ಲ ಮತವೆಂಬ ತತ್ತ್ವವು ಅವುಗಳಲ್ಲಿರಲಿಲ್ಲ. ಕಲ್ಯಾಣವು ನವಾಬರ ಜಾಗೀರಾಗಿದ್ದಿತು. ಅಂತಹ ಊರಿನ ರೈತನಿಗೆ ಪ್ರತಿನಿಧಿಯನ್ನು ಆರಿಸುವ ಮಾತು ಕನಸಿನಲ್ಲಿಯೂ ಬರುವಂತಿರಲಿಲ್ಲ. ೧೯೪೮ನೆಯ ಸೆಪ್ಟೆಂಬರ ೧೭ರಂದು ಪೋಲೀಸು ಕಾರ್ಯಾಚರಣೆಯು ಮುಗಿದು ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೪೯ರಲ್ಲಿ ಜಾಗೀರುಗಳು ರದ್ದಾದುವು. ಮೂರು ವರ್ಷಗಳೊಳಗೆ ಅದೇ ರೈತನು ಮತಪತ್ರಿಕೆಯನ್ನು ಕೈಯಲ್ಲಿ ಹಿಡಿದನು. ಮೈಸೂರಿನವರಿಗೆ ಎಪ್ಪತ್ತು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದೊರೆತುದು ಬೀದರ ಸೀಮೆಯವರಿಗೆ ಒಮ್ಮೆಲೆ ದೊರೆಯಿತು.

೧೯೫೨ರ ಆ ಮೊದಲನೆಯ ಚುನಾವಣೆಯ ಕ್ರಮವನ್ನು ಇಂದಿನವರು ತಿಳಿದಿರಬೇಕು. ಆಗ ಮತಪತ್ರಿಕೆಯ ಮೇಲೆ ಗುರುತು ಹಾಕುವ ಪದ್ಧತಿಯಿರಲಿಲ್ಲ. ಪ್ರತಿಯೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ. ಅದರ ಮೇಲೆ ಅವನ ಚಿಹ್ನೆ. ಮತದಾರನು ಮರೆಯೊಳಗೆ ಹೋಗಿ ತನಗೆ ಬೇಕಾದವನ ಪೆಟ್ಟಿಗೆಯಲ್ಲಿ ಮತಪತ್ರಿಕೆಯನ್ನು ಹಾಕಿ ಬರಬೇಕು. ಅಖಿಲ ಭಾರತದ ದೊಡ್ಡ ಪಕ್ಷದ ಪೆಟ್ಟಿಗೆಯ ಪಕ್ಕದಲ್ಲಿ ಒಬ್ಬಂಟಿ ಮನುಷ್ಯನ ಪೆಟ್ಟಿಗೆಯೂ ಸಮಸಮನಾಗಿ ಕುಳಿತಿರುತ್ತಿದ್ದಿತು. ಆ ಚುನಾವಣೆಯಲ್ಲಿ ಹೈದರಾಬಾದು ವಿಧಾನಸಭೆಯ ೧೭೫ ಸ್ಥಾನಗಳಲ್ಲಿ ೧೪ ಪಕ್ಷೇತರರಿಗೆ ಲಭಿಸಿದುವು. ಮೈಸೂರಿನ ೯೯ ಸ್ಥಾನಗಳಲ್ಲಿ ೧೧ ಅವರವಾದುವು. ೧೯೫೬ನೆಯ ನವೆಂಬರ ೧ರಂದು ಬೀದರ ಜಿಲ್ಲೆಯ ಕನ್ನಡ ಭಾಗವು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯದ ಪಾಲಾದುವು. ಮರುವರ್ಷದ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ ೨೦೮ ಸದಸ್ಯರ ಪೈಕಿ ೩೫ ಮಂದಿ ಪಕ್ಷೇತರರಾಗಿದ್ದರು. ಕಾಂಗ್ರೆಸ್ಸಿಗೆ ೧೫೦ ಸ್ಥಾನಗಳು ಬಂದಿದ್ದುವು. ಎರಡನೆಯ ಪಕ್ಷವಾದ ಪ್ರಜಾ ಸೋಷಲಿಸ್ಟರಿಗೆ ೧೮ ಮಾತ್ರ. ಎಂದರೆ ಕಾಂಗ್ರೆಸ್ಸಿನ ಹೊರಗೆ ಉಳಿದೆಲ್ಲ ಪಕ್ಷಗಳನ್ನು ಕೂಡಿಸಿದರೂ ಪಕ್ಷೇತರರ ಸಂಖ್ಯೆಗೆ ಸಮವಾಗುತ್ತಿರಲಿಲ್ಲ.

ಈ ಬಲಕ್ಕೆ ರಾಜ್ಯಾಂಗದಲ್ಲಿಯೇ ಆಧಾರವಿದ್ದಿತು. ವಿಧಾನಸಭೆಯ ಸದಸ್ಯನಾಗುವವನು ಭಾರತದ ಪ್ರಜೆಯಾಗಿರಬೇಕು, ಇಪ್ಪತ್ತೈದು ವರ್ಷ ತುಂಬಿದವನಾಗಿರಬೇಕು, ನಿಯತವಾದ ಪ್ರಮಾಣವನ್ನು ಸ್ವೀಕರಿಸಬೇಕು ಎಂದು ೧೭೩ನೆಯ ಅನುಚ್ಛೇದವು ಹೇಳುವುದು. ಅವನು ಒಂದು ಪಕ್ಷದವನಾಗಿರಬೇಕೆಂದು ಎಲ್ಲಿಯೂ ಹೇಳಿಲ್ಲ. ಅಷ್ಟೇ ಅಲ್ಲ, ೧೯೫೦ರಲ್ಲಿ ಜಾರಿಗೆ ಬಂದ ರಾಜ್ಯಾಂಗದಲ್ಲಿ ರಾಜಕೀಯ ಪಕ್ಷವೆಂಬ ಮಾತೇ ಇರಲಿಲ್ಲ. ೧೯೮೫ರಲ್ಲಿ ೫೨ನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿಯು ಸೇರಿದಾಗಲೇ ಪಕ್ಷವು ರಾಜ್ಯಾಂಗದೊಳಗೆ ಕಾಲಿಟ್ಟಿತು. ಆದಕಾರಣ ಪಕ್ಷವಿಲ್ಲದವನನ್ನು ಚುನಾವಣೆಯ ಕಣದಲ್ಲಿ ದಯೆಯಿಂದ ಬಿಟ್ಟುಕೊಂಡ ಹೊರಗಿನವನೆಂದು ಭಾವಿಸುವುದು ಸರಿಯಲ್ಲ. ರಾಜ್ಯಾಂಗದ ಮೂಲಪಾಠದಲ್ಲಿ ಕಾಣುವವನು ವ್ಯಕ್ತಿಯೇ. ಪಕ್ಷವು ತರುವಾಯ ಬಂದುದು.

ಪಕ್ಷಗಳು ಎತ್ತಿಕೊಳ್ಳದ ಮಾತನ್ನು ಎತ್ತಿಹಿಡಿಯಲು ಈ ದಾರಿಯು ಹಲವು ಸಾರಿ ಉಪಯೋಗಕ್ಕೆ ಬಂದುದುಂಟು. ಭಾಷಾವಾರು ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿಯ ಕನ್ನಡಿಗರ ಮನಸ್ಸು ನೊಂದಿದ್ದಿತು. ಕೇರಳದ ಪ್ರಥಮ ವಿಧಾನಸಭೆಗೆ ೧೯೫೭ರಲ್ಲಿ ನಡೆದ ಚುನಾವಣೆಯಲ್ಲಿ ಮಂಜೇಶ್ವರ ಕ್ಷೇತ್ರದಿಂದ ಎಂ. ಉಮೇಶರಾಯರು ಪಕ್ಷೇತರರಾಗಿ, ಎದುರಾಳಿಯೇ ಇಲ್ಲದೆ, ಅವಿರೋಧವಾಗಿ ಆರಿಸಿ ಬಂದರು. ಇದೇ ಸಾಧನವನ್ನು ಎದುರು ದಿಕ್ಕಿನಲ್ಲಿ ಪ್ರಯೋಗಿಸಿದುದಕ್ಕೆ ಬೆಳಗಾವಿಯು ಸಾಕ್ಷಿಯಾಗಿದೆ. ಗಡಿ ವಿವಾದವು ಮಾಯದ ಆ ನಗರದ ವಿಧಾನಸಭಾ ಕ್ಷೇತ್ರದಲ್ಲಿ ೧೯೮೫ರಲ್ಲಿ ೩೦೧ ಮಂದಿಯೂ, ೧೯೯೬ರ ಲೋಕಸಭಾ ಚುನಾವಣೆಯಲ್ಲಿ ೪೫೬ ಮಂದಿಯೂ ಕಣದಲ್ಲಿದ್ದರು. ಮತಪತ್ರಿಕೆಯು ಪುಸ್ತಕದಷ್ಟು ದಪ್ಪವಾದರೆ ಮತದಾರನು ಏನನ್ನು ಓದಿಯಾನು, ಯಾರನ್ನು ಹುಡುಕಿಯಾನು? ಮಂಜೇಶ್ವರದಲ್ಲಿ ಜನರ ಒಮ್ಮತದ ಕುರುಹಾಗಿದ್ದ ಹಕ್ಕು ಬೆಳಗಾವಿಯಲ್ಲಿ ಚುನಾವಣೆಯ ನಡೆಗೇ ತೊಡಕಾಯಿತು. ಹಕ್ಕು ಒಂದೇ, ಅದನ್ನು ಹಿಡಿದ ಕೈಯ ಉದ್ದೇಶದಂತೆ ಫಲವು ಬೇರೆಯಾಯಿತು.

ಇನ್ನು ಕರ್ನಾಟಕದ ವಿಧಾನಸಭೆಯಲ್ಲಿ ಈ ವರ್ಗದವರ ಏರಿಳಿತವನ್ನು ನೋಡಬೇಕು. ೧೯೫೭ರಲ್ಲಿ ೩೫ ಇದ್ದವರು ೧೯೬೨ರಲ್ಲಿ ೨೭ಕ್ಕೆ ಇಳಿದು, ೧೯೬೭ರಲ್ಲಿ ೨೧೬ ಸ್ಥಾನಗಳ ಸಭೆಯಲ್ಲಿ ೪೧ಕ್ಕೆ ಏರಿದರು. ಅದೇ ಅವರ ಪರಮಾವಧಿ. ೧೯೭೨ರಲ್ಲಿ ೨೦, ಸ್ಥಾನಗಳು ೨೨೪ ಆದ ೧೯೭೮ರಲ್ಲಿ ೧೦, ೧೯೮೩ರಲ್ಲಿ ೨೨, ೧೯೮೫ರಲ್ಲಿ ೧೩, ೧೯೯೯ರಲ್ಲಿ ೧೯, ೨೦೦೮ರಲ್ಲಿ ೬, ೨೦೧೩ರಲ್ಲಿ ೯ — ಹೀಗೆ ಏರುತ್ತ ಇಳಿಯುತ್ತ ಬಂದು ೨೦೧೮ರಲ್ಲಿ ಒಬ್ಬರೇ ಉಳಿದರು, ೨೦೨೩ರಲ್ಲಿ ಇಬ್ಬರು. ಐದರಲ್ಲೊಂದಕ್ಕೆ ಸಮೀಪವಾಗಿದ್ದ ಪಾಲು ನೂರರಲ್ಲೊಂದಕ್ಕೆ ಬಂದು ನಿಂತಿತು.

ಈ ಕ್ಷಯಕ್ಕೆ ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು ಪ್ರವೇಶದ ಬಿಗಿ. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ವಿಧಾನಸಭೆಯ ಉಮೇದುವಾರನು ೨೫೦ ರೂಪಾಯಿ ಠೇವಣಿ ಇಟ್ಟರೆ ಸಾಕಾಗಿದ್ದಿತು. ಬೆಳಗಾವಿಯಂತಹ ಪ್ರಸಂಗಗಳು ಹಲವೆಡೆ ನಡೆದುದರಿಂದ ೧೯೯೬ರಲ್ಲಿ ಕಾಯಿದೆಯು ತಿದ್ದಲ್ಪಟ್ಟು ಠೇವಣಿಯು ೫,೦೦೦ ರೂಪಾಯಿಗಳಾಯಿತು. ೨೦೦೯ರ ತಿದ್ದುಪಡಿಯಿಂದ ೧೦,೦೦೦ ಆಯಿತು. ಪರಿಶಿಷ್ಟ ಜಾತಿ ಪಂಗಡಗಳವರಿಗೆ ಇದರ ಅರ್ಧ. ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಭಾಗವಾದರೂ ಬೀಳದಿದ್ದರೆ ಆ ಹಣವು ಸರಕಾರಕ್ಕೆ ಜಪ್ತಿಯಾಗುವುದು. ೧೯೯೬ರಿಂದೀಚೆಗೆ ಮಾನ್ಯತೆ ಪಡೆದ ಪಕ್ಷದ ಉಮೇದುವಾರನಿಗೆ ಕ್ಷೇತ್ರದ ಒಬ್ಬ ಮತದಾರನು ಸೂಚಕನಾದರೆ ಸಾಕು. ಪಕ್ಷೇತರನಿಗೆ ಹತ್ತು ಮಂದಿ ಬೇಕು. ಪಟ್ಟಿಯಲ್ಲಿ ಮಾನ್ಯಪಕ್ಷದವರ ಹೆಸರುಗಳು ಮೊದಲು, ಪಕ್ಷೇತರರ ಹೆಸರುಗಳು ಕಡೆಗೆ. ಉಮೇದುವಾರನು ಮೃತನಾದರೆ ಚುನಾವಣೆಯನ್ನು ಮುಂದೂಡುವ ನಿಯಮವೂ ಅಂದಿನಿಂದ ಮಾನ್ಯಪಕ್ಷದವರಿಗೆ ಮಾತ್ರ ಸೀಮಿತವಾಯಿತು. ಪೆಟ್ಟಿಗೆಗಳು ಸಮಸಮನಾಗಿ ಕುಳಿತ ಕಾಲವು ಹೀಗೆ ಕಳೆದುಹೋಯಿತು.

ಎರಡನೆಯದು ವೆಚ್ಚ. ಕರ್ನಾಟಕದಂತಹ ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆಯ ಉಮೇದುವಾರನ ವೆಚ್ಚದ ಮಿತಿಯು ೨೦೧೪ರಲ್ಲಿ ೨೮ ಲಕ್ಷವೂ, ೨೦೨೨ರಲ್ಲಿ ೪೦ ಲಕ್ಷವೂ ಎಂದು ಗೊತ್ತಾಯಿತು. ಮಿತಿಯು ಎಲ್ಲರಿಗೂ ಒಂದೇ ಆದರೂ ಅದರ ಪರಿಣಾಮವು ಒಂದೇ ಅಲ್ಲ. ಪಕ್ಷದ ಪ್ರಮುಖ ಪ್ರಚಾರಕರು ಪಕ್ಷದ ಪ್ರಚಾರಕ್ಕಾಗಿ ಮಾಡುವ ಪ್ರವಾಸದ ಖರ್ಚು ಉಮೇದುವಾರನ ಲೆಕ್ಕದಲ್ಲಿ ಸೇರುವುದಿಲ್ಲ. ಪಕ್ಷದ ಸಾಮಾನ್ಯ ಪ್ರಚಾರಕ್ಕೆ ಕಾಯಿದೆಯು ಮಿತಿಯನ್ನೇ ಹಾಕಿಲ್ಲ. ಮತದಾರರ ಪಟ್ಟಿಯು ಮಾನ್ಯಪಕ್ಷದ ಉಮೇದುವಾರನಿಗೆ ಉಚಿತವಾಗಿ ದೊರೆಯುವುದು. ಪಕ್ಷೇತರನು ಅದನ್ನು ಹಣಕೊಟ್ಟು ಪಡೆಯಬೇಕು. ಪಕ್ಷದವನ ಚಿಹ್ನೆಯನ್ನು ಮಕ್ಕಳೂ ಬಲ್ಲರು. ಪಕ್ಷೇತರನಿಗೆ ಚಿಹ್ನೆಯು ನಾಮಪತ್ರ ಹಿಂತೆಗೆಯುವ ಗಡುವು ಮುಗಿದ ಮೇಲೆ ದೊರೆಯುವುದು. ಉಳಿದಿರುವ ಎರಡು ವಾರಗಳಷ್ಟು ಕಾಲದಲ್ಲಿ ಅದನ್ನು ಹಳ್ಳಿಹಳ್ಳಿಗೆ ಪರಿಚಯಿಸಬೇಕು. ದುಡ್ಡಿದ್ದವನಿಗೇ ಇದು ಕಷ್ಟವೆನಿಸಿದರೆ ಬಡವನ ಪಾಡನ್ನು ಹೇಳಬೇಕಾಗಿಲ್ಲ.

ಮೂರನೆಯ ಕಾರಣವು ಪಕ್ಷೇತರರ ನಡತೆಯಿಂದಲೇ ಹುಟ್ಟಿದುದು. ಹರಿಯಾಣದಲ್ಲಿ ೧೯೬೭ರಲ್ಲಿ ಪಕ್ಷೇತರನಾಗಿ ಗೆದ್ದ ಗಯಾ ಲಾಲ್ ಎಂಬವರು ಒಂದು ಪಕ್ಷದೊಳಗೆ ಅನೇಕ ಸಲ ಪಕ್ಷಾಂತರ ಮಾಡಿ ದೇಶಕ್ಕೊಂದು ಗಾದೆಮಾತನ್ನೇ ಕೊಟ್ಟರು. ಇಲ್ಲಿ ‘ಒಂದು ಪಕ್ಷ’ವೆಂದರೆ ಹದಿನೈದು ದಿನಗಳೆಂದು ತಿಳಿಯಬೇಕು. ಈ ರೋಗಕ್ಕೆ ಮದ್ದಾಗಿ ಬಂದ ಹತ್ತನೆಯ ಅನುಸೂಚಿಯು, ಪಕ್ಷೇತರನಾಗಿ ಆರಿಸಿಬಂದವನು ಆಮೇಲೆ ಯಾವುದೇ ಪಕ್ಷವನ್ನು ಸೇರಿದರೆ ಅವನ ಸದಸ್ಯತ್ವವು ಹೋಗತಕ್ಕದ್ದೆಂದು ವಿಧಿಸಿತು. ಆದರೂ ಪಕ್ಷವನ್ನು ಸೇರುವುದು ಬೇರೆ, ಮಂತ್ರಿಮಂಡಲಕ್ಕೆ ಬೆಂಬಲ ಕೊಡುವುದು ಬೇರೆ ಎಂಬ ಸಂದಿಯು ಉಳಿದುಕೊಂಡಿತು. ೨೦೦೮ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ ೧೧೦ ಸ್ಥಾನಗಳು ದೊರೆತು ಬಹುಮತಕ್ಕೆ ಮೂರು ಕಡಿಮೆಯಾದಾಗ ಪಕ್ಷೇತರರ ಬೆಂಬಲದಿಂದ ಸರಕಾರವು ರಚಿತವಾಯಿತು. ಅವರಲ್ಲಿ ಐವರು ಮಂತ್ರಿಗಳಾದರು. ೨೦೧೦ರ ಅಕ್ಟೋಬರದಲ್ಲಿ ಅವರು ಬೆಂಬಲವನ್ನು ಹಿಂತೆಗೆದುಕೊಳ್ಳಲು, ಅವರು ಆ ಪಕ್ಷವನ್ನೇ ಸೇರಿದ್ದರೆಂದು ಸಭಾಧ್ಯಕ್ಷರು ಐವರನ್ನೂ ಅನರ್ಹಗೊಳಿಸಿದರು. ೨೦೧೧ನೆಯ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತಳ್ಳಿಹಾಕಿತು. ಸರಕಾರಕ್ಕೆ ಬೆಂಬಲವಿತ್ತು ಮಂತ್ರಿಯಾದ ಮಾತ್ರಕ್ಕೆ ಪಕ್ಷೇತರನು ಪಕ್ಷವನ್ನು ಸೇರಿದಂತಾಗದೆಂಬುದು ಅದರ ತೀರ್ಪಿನ ಸಾರ. ೨೦೧೮ರಲ್ಲಿ ಮುಳಬಾಗಿಲಿನಿಂದ ಗೆದ್ದ ಏಕೈಕ ಪಕ್ಷೇತರರಾದ ಎಚ್. ನಾಗೇಶರು ೨೦೧೯ನೆಯ ಒಂದೇ ವರ್ಷದಲ್ಲಿ ಪರಸ್ಪರ ವಿರುದ್ಧವಾದ ಎರಡು ಸರಕಾರಗಳಲ್ಲಿಯೂ ಮಂತ್ರಿಗಳಾದರು. ಇವೆಲ್ಲ ಕಾನೂನಿನ ಮೇರೆಯೊಳಗೇ ನಡೆದ ಸಂಗತಿಗಳು. ಆದರೆ ಮತ ಕೊಟ್ಟವನು, ತನ್ನನ್ನು ಕೇಳದೆಯೇ ತನ್ನ ಮತವು ಎತ್ತ ಹೋಯಿತೆಂದು ಚಿಂತಿಸಿದರೆ ಅದು ತಪ್ಪಲ್ಲ.

ಈ ಹಿನ್ನೆಲೆಯಲ್ಲಿ ಕಲ್ಯಾಣ ಮತ್ತು ಹುಮನಾಬಾದಗಳ ಇತ್ತೀಚಿನ ಚರಿತ್ರೆಯನ್ನು ಪರಿಶೀಲಿಸಿದರೆ ಒಂದು ವಿಶೇಷವು ಕಾಣುವುದು. ಹುಮನಾಬಾದದ ಮತದಾರರು ೧೯೯೯ರಲ್ಲಿ ಭಾರತೀಯ ಜನತಾ ಪಕ್ಷವನ್ನೂ, ೨೦೦೪ರಲ್ಲಿ ಜಾತ್ಯತೀತ ಜನತಾದಳವನ್ನೂ, ೨೦೦೮ರಿಂದ ಮೂರು ಸಾರಿ ಕಾಂಗ್ರೆಸ್ಸನ್ನೂ, ೨೦೨೩ರಲ್ಲಿ ಮರಳಿ ಭಾರತೀಯ ಜನತಾ ಪಕ್ಷವನ್ನೂ ಆರಿಸಿದರು. ಬಸವಕಲ್ಯಾಣದವರು ೨೦೦೮, ೨೦೧೩, ೨೦೧೮ ಈ ಮೂರು ಚುನಾವಣೆಗಳಲ್ಲಿ ಮೂರು ಬೇರೆ ಬೇರೆ ಪಕ್ಷಗಳಿಗೆ ಗೆಲುವನ್ನು ಕೊಟ್ಟರು. ಇಲ್ಲಿಯ ಮತದಾರನು ಒಂದು ಪಕ್ಷಕ್ಕೆ ಕಟ್ಟುಬಿದ್ದವನಲ್ಲವೆಂಬುದು ಇದರಿಂದ ಸ್ಪಷ್ಟ. ಆದರೂ ಇವೆರಡು ಕ್ಷೇತ್ರಗಳಲ್ಲಿ ಈ ಅವಧಿಯಲ್ಲಿ ಪಕ್ಷೇತರನೊಬ್ಬನಿಗೂ ಜಯವು ಒಲಿಯಲಿಲ್ಲ. ಮತದಾರನು ಪಕ್ಷದಿಂದ ಪಕ್ಷಕ್ಕೆ ಸರಿದನು. ಪಕ್ಷಗಳ ಹೊರಗೆ ಹೋಗಲಿಲ್ಲ.

೨೦೨೧ರ ಮರುಚುನಾವಣೆಯು ಇದನ್ನು ಇನ್ನಷ್ಟು ವಿಶದಪಡಿಸುವುದು. ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು ೨೦೨೦ನೆಯ ಸೆಪ್ಟೆಂಬರ ೨೪ರಂದು ಕೋವಿಡ್ ರೋಗದಿಂದ ಮೃತರಾದರು. ತೆರವಾದ ಸ್ಥಾನಕ್ಕೆ ೨೦೨೧ನೆಯ ಏಪ್ರಿಲ ೧೭ರಂದು ಮತದಾನವಾಯಿತು. ೨೦೧೩ರಲ್ಲಿ ಜನತಾದಳದಿಂದ ಗೆದ್ದು ಶಾಸಕರಾಗಿದ್ದು, ೨೦೧೮ರಲ್ಲಿ ಭಾರತೀಯ ಜನತಾ ಪಕ್ಷದಿಂದ ನಿಂತು ಸೋತಿದ್ದ ಮಲ್ಲಿಕಾರ್ಜುನ ಖೂಬಾ ಅವರು, ಈ ಸಲ ಆ ಪಕ್ಷದ ಟಿಕೀಟು ತಮಗೆ ದೊರೆಯದಿರಲು, ಪಕ್ಷೇತರರಾಗಿ ಕಣಕ್ಕಿಳಿದರು. ಗೆದ್ದವರು ಭಾರತೀಯ ಜನತಾ ಪಕ್ಷದ ಶರಣು ಸಲಗರ ಅವರು. ಕಾಂಗ್ರೆಸ್ಸಿನ ಪರವಾಗಿ ದಿವಂಗತ ನಾರಾಯಣರಾವ್ ಅವರ ಪತ್ನಿ ಮಾಲಾ ಅವರು ಎರಡನೆಯವರಾದರು. ಒಮ್ಮೆ ಇದೇ ಕ್ಷೇತ್ರವನ್ನು ಪ್ರತಿನಿಧಿಸಿದ್ದ, ಊರೂರಿಗೆ ಪರಿಚಿತರಾದ ವ್ಯಕ್ತಿಗೂ ಪಕ್ಷದ ಚಿಹ್ನೆಯಿಲ್ಲದೆ ಗೆಲುವು ಸಾಧ್ಯವಾಗಲಿಲ್ಲ. ಜನರು ಮತ ಕೊಡುವುದು ಮುಖವನ್ನು ನೋಡಿಯೋ ಚಿಹ್ನೆಯನ್ನು ನೋಡಿಯೋ ಎಂಬ ಹಳೆಯ ಪ್ರಶ್ನೆಗೆ ಆ ಸಲ ಕಲ್ಯಾಣವು ಕೊಟ್ಟ ಉತ್ತರವಿದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮೊದಮೊದಲಿನ ಪಕ್ಷೇತರರಲ್ಲಿ ಪಕ್ಷದ ಬಾಗಿಲಿಗೆ ಹೋಗದೆಯೇ ತನ್ನ ಸೀಮೆಯ ಬಲದಿಂದ ನಿಂತವರು ಕಾಣುವರು. ಈಚಿನವರಲ್ಲಿ ಹಲವರು ಟಿಕೀಟನ್ನು ಕೇಳಿ, ಅದು ದೊರೆಯದಿರಲು ನಿಂತವರು. ಇಂತಹ ಬಂಡಾಯವು ಸರ್ವಥಾ ನಿಂದ್ಯವೆಂದು ಹೇಳುವಂತಿಲ್ಲ. ಪಕ್ಷದ ಉಮೇದುವಾರನನ್ನು ದೂರದ ರಾಜಧಾನಿಯಲ್ಲಿ ಕೆಲವೇ ಮಂದಿ ಗೊತ್ತುಮಾಡುವಾಗ, ಆ ತೀರ್ಮಾನವು ಸರಿಯೋ ಎಂದು ಕ್ಷೇತ್ರದ ಜನರನ್ನೇ ಕೇಳುವುದಕ್ಕೆ ಇರುವ ಸಾಧನವು ಇದೊಂದೇ. ೨೦೨೩ರಲ್ಲಿ ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ ಅವರು ಕಾಂಗ್ರೆಸ್ಸಿನ ಟಿಕೀಟು ತಪ್ಪಿದ ಮೇಲೆ ಪಕ್ಷೇತರರಾಗಿ ನಿಂತು ಗೆದ್ದರು. ಪಕ್ಷದ ತೀರ್ಮಾನವನ್ನು ಜನರು ಅಲ್ಲಿ ತಿದ್ದಿದರು, ಬಸವಕಲ್ಯಾಣದಲ್ಲಿ ತಿದ್ದಲಿಲ್ಲ. ಎರಡೂ ಜನರ ತೀರ್ಪುಗಳೇ. ಮುಖ್ಯವಾದುದು ಕೇಳುವ ಅವಕಾಶವು ಇದ್ದುದು.

ಗೆದ್ದವರ ಬಲವು ಎಲ್ಲಿಂದ ಬಂದಿತೆಂಬುದಕ್ಕೆ ಲೋಕಸಭೆಯ ಎರಡು ನಿದರ್ಶನಗಳು ಸಾಕು. ೧೯೬೭ರಲ್ಲಿ ಕೆನರಾ ಕ್ಷೇತ್ರದಿಂದ ದಿನಕರ ದೇಸಾಯಿಯವರು ಪಕ್ಷೇತರರಾಗಿ ಗೆದ್ದರು. ಅದಕ್ಕೆ ಬಹುಮುಂಚೆಯೇ ಅವರು ರೈತರ ಹೋರಾಟದಲ್ಲಿ ಭಾಗಿಗಳಾಗಿದ್ದು, ೧೯೫೩ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಆ ಜಿಲ್ಲೆಯಲ್ಲಿ ವಿದ್ಯಾಪ್ರಸಾರವನ್ನು ಕೈಕೊಂಡಿದ್ದರು. ೨೦೧೯ರಲ್ಲಿ ಮಂಡ್ಯದಿಂದ ಸುಮಲತಾ ಅಂಬರೀಶ್ ಅವರು ೧,೨೫,೮೭೬ ಮತಗಳ ಅಂತರದಿಂದ ಪಕ್ಷೇತರರಾಗಿ ಗೆದ್ದಾಗ, ಭಾರತೀಯ ಜನತಾ ಪಕ್ಷವು ತನ್ನ ಉಮೇದುವಾರನನ್ನು ನಿಲ್ಲಿಸದೆ ಅವರನ್ನು ಬೆಂಬಲಿಸಿದ್ದಿತು. ಒಬ್ಬರಿಗೆ ವರ್ಷಾನುವರ್ಷದ ಸೇವೆಯು, ಇನ್ನೊಬ್ಬರಿಗೆ ಮನೆತನದ ಪ್ರಸಿದ್ಧಿಯೂ ದೊಡ್ಡ ಪಕ್ಷವೊಂದರ ಹಿಂಬಲವೂ ಒದಗಿದುವು. ಕೇವಲ ಒಬ್ಬಂಟಿಯಾಗಿ ಗೆದ್ದವರು ಯಾರೂ ಇಲ್ಲ. ಪಕ್ಷವಿಲ್ಲದವನಿಗೆ ಪಕ್ಷಕ್ಕೆ ಬದಲಾಗಿ ಬೇರೊಂದು ಸಂಘಟನೆಯು ಇರಲೇಬೇಕು. ಅದು ಚುನಾವಣೆಗೆ ಬಹಳ ಮುಂಚೆಯೇ ಕಟ್ಟಿದುದಾಗಿರಬೇಕು.

ಈಗ ಕಾನೂನು ಆಯೋಗದ ಪಕ್ಷವನ್ನು ವಿಚಾರಿಸಬಹುದು. ಪಕ್ಷೇತರರಲ್ಲಿ ಗೆಲ್ಲುವವರು ಅತಿ ವಿರಳ. ಹಲವರು ಎದುರಾಳಿಯ ಹೆಸರನ್ನೇ ಹೋಲುವ ಹೆಸರಿನಿಂದ ಮತದಾರರನ್ನು ಗಲಿಬಿಲಿಗೊಳಿಸಲು ನಿಲ್ಲಿಸಲ್ಪಟ್ಟವರು. ಗೆದ್ದವರಿಂದ ಸರಕಾರಗಳು ಅಸ್ಥಿರವಾಗುವುವು ಎಂಬುದು ಆ ಪಕ್ಷದವರ ವಾದ. ಇವುಗಳಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಅಸ್ಥಿರತೆಯ ದೋಷವನ್ನು ಪಕ್ಷೇತರರೊಬ್ಬರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ೨೦೧೯ನೆಯ ಜುಲೈ ೨೩ರಂದು ಕರ್ನಾಟಕದ ಸಮ್ಮಿಶ್ರ ಸರಕಾರವು ೯೯ಕ್ಕೆ ೧೦೫ ಮತಗಳಿಂದ ಬಿದ್ದಾಗ, ರಾಜೀನಾಮೆಯಿತ್ತು ದೂರ ಉಳಿದವರಲ್ಲಿ ಬಹುಮಂದಿ ಪಕ್ಷಗಳ ಚಿಹ್ನೆಯಿಂದ ಗೆದ್ದವರೇ ಆಗಿದ್ದರು. ಹೆಸರಿನ ಮೋಸಕ್ಕೆ ಮತಯಂತ್ರದ ಮೇಲೆ ಉಮೇದುವಾರರ ಭಾವಚಿತ್ರವನ್ನು ಹಾಕುವ ಕ್ರಮವು ಬಂದಿದೆ. ಠೇವಣಿಯೂ ಸೂಚಕರೂ ಹೆಚ್ಚಿದುದರಿಂದ ಬೆಳಗಾವಿಯಂತಹ ಪ್ರಸಂಗಗಳಿಗೆ ತಡೆಯಾಯಿತು. ವ್ಯಾಧಿಗೆ ತಕ್ಕ ಔಷಧವಿರುವಾಗ ಅಂಗವನ್ನೇ ಕತ್ತರಿಸುವುದು ವೈದ್ಯನ ಲಕ್ಷಣವಲ್ಲ.

ಅದಕ್ಕಿಂತ ಮಿಗಿಲಾದ ಕಾರಣವೊಂದುಂಟು. ೧೯೫೨ಕ್ಕೆ ಮುಂಚೆ ಕಲ್ಯಾಣದ ಜಾಗೀರಿನ ರೈತನಿಗೆ ತನ್ನ ಅಹವಾಲನ್ನು ಹೇಳಲು ಜಾಗೀರುದಾರನ ಬಾಗಿಲೊಂದೇ ಇದ್ದಿತು. ರಾಜ್ಯಾಂಗವು ಅವನಿಗೆ ಎರಡು ಅಧಿಕಾರಗಳನ್ನು ಕೊಟ್ಟಿತು: ಆರಿಸುವ ಅಧಿಕಾರವೊಂದು, ಆರಿಸಲ್ಪಡಲು ನಿಲ್ಲುವ ಅಧಿಕಾರವಿನ್ನೊಂದು. ಎರಡನೆಯದನ್ನು ಪಕ್ಷಗಳ ಅಪ್ಪಣೆಗೆ ಒಳಪಡಿಸಿದರೆ ಹಳೆಯ ಬಾಗಿಲಿನ ಬದಲು ಹೊಸ ಬಾಗಿಲುಗಳು ನಾಲ್ಕೈದು ಆಗುವುವೇ ಹೊರತು, ಕಾಯುವ ಸ್ಥಿತಿಯು ತಪ್ಪುವುದಿಲ್ಲ. ಪಕ್ಷೇತರನು ಗೆಲ್ಲದೆ ಹೋದರೂ, ಅವನು ನಿಲ್ಲಬಲ್ಲನೆಂಬ ಒಂದು ಅಂಜಿಕೆಯಿಂದ ಪಕ್ಷಗಳು ಕ್ಷೇತ್ರದ ಮಾತಿಗೆ ಕಿವಿಗೊಡುವುವು.

ಹಕ್ಕನ್ನು ಉಳಿಸಿಕೊಳ್ಳುವ ಭಾರವು ನಿಲ್ಲುವವನ ಮೇಲೂ ಆರಿಸುವವನ ಮೇಲೂ ಸಮನಾಗಿದೆ. ನಿಲ್ಲುವವನು ಚುನಾವಣೆಯ ವರ್ಷಕ್ಕಿಂತ ಮೊದಲು ಊರಿಗೆ ಏನು ಮಾಡಿದನೆಂಬುದನ್ನು ತೋರಿಸಬೇಕು. ಗೆದ್ದರೆ ಯಾವ ಸರಕಾರಕ್ಕೆ, ಯಾವ ಷರತ್ತಿನಿಂದ ಬೆಂಬಲ ಕೊಡುವನೆಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ಆರಿಸುವವನು ಈ ಎರಡನ್ನು ಕೇಳದೆ ಮತವನ್ನು ಕೊಡಬಾರದು. ಹುಮನಾಬಾದದ ಸಂತೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಹಲ್ಲನ್ನು ನೋಡಿ, ನಡೆಸಿ ನೋಡಿ, ಆಮೇಲೆ ಕೈಯಿಕ್ಕುವನು. ಐದು ವರ್ಷಗಳ ನೊಗಕ್ಕೆ ಮನುಷ್ಯನನ್ನು ಹೂಡುವಾಗ ಅಷ್ಟು ಜಾಗ್ರತೆಯಾದರೂ ಇರಲೇಬೇಕು.